ಕುದುರೆಯ ಲಕ್ಷಣ

ಚಾರ್ಲ್ಸ್ ಡಿಕನ್ಸನ ‘ಹಾರ್ಡ್ ಟೈಮ್ಸ್’ ಕಾದಂಬರಿ 1854ರಲ್ಲಿ ಅವನದೇ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಹೊರಬಂದಿತು. ಅದು ಮೊದಲಾಗುವುದೇ ಒಂದು ಪರೀಕ್ಷೆಯಿಂದ. ವಾಸ್ತವಾಂಶಗಳನ್ನು ಬಿಟ್ಟು ಬೇರೇನನ್ನೂ ನಂಬದ ಗ್ರ್ಯಾಡ್‌ಗ್ರೈಂಡ್ ಮಹಾಶಯ ತನ್ನ ಶಾಲೆಯಲ್ಲಿ ಸಿಸ್ಸಿ ಜೂಪ್ ಎಂಬ ಹುಡುಗಿಯನ್ನು ನಿಲ್ಲಿಸಿ, ಕುದುರೆಯ ಲಕ್ಷಣ ಹೇಳೆನ್ನುತ್ತಾನೆ. ಅವಳು ಸರ್ಕಸ್ಸಿನವನ ಮಗಳು. ಕುದುರೆಗಳ ನಡುವೆಯೇ ಬೆಳೆದವಳು. ಗಾಬರಿಯಿಂದ ಅವಳ ಬಾಯಿ ಕಟ್ಟಿಹೋಗುತ್ತದೆ. ಬಿಟ್ಜರ್ ಎಂಬ ಹುಡುಗ ಎದ್ದು ಒಂದೇ ಉಸಿರಿಗೆ ಒಪ್ಪಿಸುತ್ತಾನೆ: ನಾಲ್ಕು ಕಾಲು, ಹುಲ್ಲಿನ ಆಹಾರ, 40 ಹಲ್ಲು. ಕುದುರೆಯೆಂದರೇನೆಂಬುದು ಸಿಸ್ಸಿಗೆ ಈಗ ತಿಳಿದಂತಾಯಿತೆಂದು ಗ್ರ್ಯಾಡ್‌ಗ್ರೈಂಡ್ ತೀರ್ಪು ಕೊಡುತ್ತಾನೆ.

ಈ ಕಾದಂಬರಿಯೇ ಪರೀಕ್ಷೆಗೆ ಪಠ್ಯವಾದರೆ? ವಿದ್ಯಾರ್ಥಿ ಅಂಗಡಿಯಿಂದ ಒಂದು ಗೈಡು ತರುತ್ತಾನೆ. ಅದರಲ್ಲಿ ಕಥಾಸಾರ, ಪಾತ್ರಗಳ ಚಿತ್ರಣ, ಬರಬಹುದಾದ ಪ್ರಶ್ನೆಗಳು ಎಲ್ಲವೂ ಇವೆ. ಬಾಯಿಪಾಠದ ವಿದ್ಯೆಯನ್ನು ಡಿಕನ್ಸ್ ಹೇಗೆ ಖಂಡಿಸಿದ್ದಾನೆಂಬ ಪ್ರಶ್ನೆಗೆ ಬಾಯಿಪಾಠ ಮಾಡಿದ ಉತ್ತರವೊಂದು ಸಿದ್ಧವಾಗುತ್ತದೆ. ಇದರಲ್ಲಿ ನಗುವುದಕ್ಕೆ ಬೇಕಾದಷ್ಟು ಇದೆ. ಆದರೆ ನಕ್ಕು ಮುಗಿಸುವ ವಿಷಯ ಇದಲ್ಲ.

ಮೊದಲು ವಿದ್ಯಾರ್ಥಿಯ ಪಕ್ಷವನ್ನು ಹೇಳಬೇಕು. ಈ ಪದ್ಧತಿಯನ್ನು ಕಟ್ಟಿದವನು ಅವನಲ್ಲ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದಾಗ ಅವುಗಳಿಗೆ ಮಾದರಿಯಾದದ್ದು ಅಂದಿನ ಲಂಡನ್ ವಿಶ್ವವಿದ್ಯಾನಿಲಯ. ಪಾಠ ಹೇಳುವುದು ಕಾಲೇಜುಗಳ ಪಾಲು, ಪರೀಕ್ಷೆ ನಡೆಸಿ ಪದವಿ ಕೊಡುವುದು ಅದರ ಪಾಲು. ನಮ್ಮಲ್ಲಿ ಆ ಪದವಿ ಬಲುಬೇಗ ಉದ್ಯೋಗದ ಬಾಗಿಲಿನ ಬೀಗದಕೈಯಾಯಿತು. ಮಾತೃಭಾಷೆಯಲ್ಲದ ಭಾಷೆಯ ದಪ್ಪ ಪುಸ್ತಕವೊಂದನ್ನು ಮುಂದಿಟ್ಟುಕೊಂಡು, ಅಂಕಗಳ ಮೇಲೆ ಮನೆಯ ಅನ್ನ ನಿಂತಿರುವವನು ಹತ್ತಿರದ ದಾರಿ ಹಿಡಿದರೆ ಅವನನ್ನು ಜರೆಯುವುದು ಸುಲಭ, ನ್ಯಾಯವಲ್ಲ. ವಿವರಗಳನ್ನು ನೆನಪಿಡುವುದೂ ತಪ್ಪಲ್ಲ. ಯಾರು, ಎಲ್ಲಿ, ಯಾವಾಗ ಎಂಬುದು ತಿಳಿಯದವನ ಅಭಿಪ್ರಾಯ ಬರಿಯ ಗಾಳಿ.

ಹಾಗಾದರೆ ತಪ್ಪು ಇರುವುದೆಲ್ಲಿ? ಕಾದಂಬರಿ 1854ರದು ಎಂಬುದನ್ನು ಇನ್ನೊಬ್ಬರಿಂದ ಕೇಳಿ ತಿಳಿದರೂ ಅದು ತಿಳಿವಳಿಕೆಯೇ. ಯಾರು ಹೇಳಿದರೂ ಅದು 1854ರದೇ. ಆದರೆ ‘ಸಿಸ್ಸಿಯ ಪಾತ್ರ ನಮ್ಮ ಮನಸ್ಸನ್ನು ಕಲಕುತ್ತದೆ’ ಎಂದು ಬರೆಯುವುದು ಮಾಹಿತಿಯಲ್ಲ, ಸಾಕ್ಷಿ. ಮನಸ್ಸು ಕಲಕದೆ ಹಾಗೆ ಬರೆದವನು ಕಾಣದ್ದನ್ನು ಕಂಡೆನೆಂದು ನುಡಿದಂತಾಗುತ್ತದೆ. ಸುಳ್ಳು ಸಣ್ಣದು, ಅದರಿಂದ ಯಾರ ಮನೆಯೂ ಮುಳುಗುವುದಿಲ್ಲ, ನಿಜ. ಆದರೆ ತನಗನಿಸದ್ದನ್ನು ಅನಿಸಿತೆಂದು ಹೇಳಿ ಪ್ರತಿಫಲ ಪಡೆಯುವ ಅಭ್ಯಾಸ ಪರೀಕ್ಷೆಯ ಕೊಠಡಿಯೊಳಗೇ ನಿಲ್ಲುವುದೆಂದು ನಂಬುವುದು ಹೇಗೆ?

ಡಿಕನ್ಸ್ ಆ ಅಭ್ಯಾಸವನ್ನು ಕೊನೆಯವರೆಗೂ ಹಿಂಬಾಲಿಸಿದ್ದಾನೆ. ಬ್ಯಾಂಕಿನ ಹಣ ಕದ್ದು ಓಡುತ್ತಿದ್ದ ಗ್ರ್ಯಾಡ್‌ಗ್ರೈಂಡನ ಮಗನನ್ನು ಹಿಡಿಯುವವನು ಅದೇ ಬಿಟ್ಜರ್. ನಿನಗೆ ಹೃದಯವಿಲ್ಲವೆ ಎಂದು ಹಳೆಯ ಗುರು ಅಂಗಲಾಚಿದರೆ, ಶಿಷ್ಯ ರಕ್ತಪರಿಚಲನೆಯ ಪಾಠ ಒಪ್ಪಿಸುತ್ತಾನೆ. ಶಾಲೆಯ ಋಣವನ್ನು ನೆನಪಿಸಿದರೆ, ಶುಲ್ಕ ಕೊಟ್ಟಾಗಿದೆ, ವ್ಯವಹಾರ ಮುಗಿದಿದೆ ಎನ್ನುತ್ತಾನೆ. ಉತ್ತರದಲ್ಲಿ ತಪ್ಪು ಹುಡುಕಲು ಗ್ರ್ಯಾಡ್‌ಗ್ರೈಂಡನಿಗೆ ದಾರಿಯಿಲ್ಲ. ಆ ಲೆಕ್ಕವನ್ನು ಕಲಿಸಿದವನೇ ಅವನು.

ಪರೀಕ್ಷೆಗಳು ಇರುತ್ತವೆ, ಗೈಡುಗಳೂ ಇರುತ್ತವೆ. ಓದುವವನು ಮಾಡಬಹುದಾದದ್ದು ಇಷ್ಟು: ಗೈಡನ್ನು ತೆರೆಯುವ ಮೊದಲು ಕಾದಂಬರಿಯನ್ನು ಒಮ್ಮೆ, ತಡವರಿಸಿಯಾದರೂ, ತಾನೇ ಓದುವುದು, ಉತ್ತರದಲ್ಲಿ ಒಂದಾದರೂ ವಾಕ್ಯವನ್ನು, ಎಷ್ಟೇ ಸಪ್ಪೆಯಾಗಿರಲಿ, ತನ್ನದೆಂದು ಬರೆಯುವುದು. ‘ಈ ಪಾತ್ರ ನನಗೆ ಹಿಡಿಸಲಿಲ್ಲ’ ಎಂದರೂ ಸರಿಯೆ. ಆ ವಾಕ್ಯವನ್ನು ಗುರುತಿಸಿ ಅಂಕ ಕೊಡುವುದು ಪರೀಕ್ಷಕರ ಹೊಣೆ. ಅವರು ಅದನ್ನು ಹೊಡೆದುಹಾಕಿ ಗೈಡಿನ ವಾಕ್ಯಕ್ಕೆ ಅಂಕ ಕೊಟ್ಟರೆ, ವಿದ್ಯಾರ್ಥಿಯಿಂದ ಪ್ರಾಮಾಣಿಕತೆಯನ್ನು ಕೇಳುವ ಅಧಿಕಾರ ನಮಗೆ ಉಳಿಯುವುದಿಲ್ಲ.

ಕಾದಂಬರಿಯ ಕೊನೆಯಲ್ಲಿ ಬಿಟ್ಜರನನ್ನು ತಡೆದು ನಿಲ್ಲಿಸುವುದು ಸರ್ಕಸ್ಸಿನ ಒಂದು ನಾಯಿ ಮತ್ತು ಒಂದು ಕುದುರೆ. ಅವನು ಕುಳಿತ ಗಾಡಿಯನ್ನು ಮುಂದಕ್ಕೆಳೆಯದೆ ಕುದುರೆ ದಣಿಯುವವರೆಗೂ ಕುಣಿಯುತ್ತಲೇ ಇರುತ್ತದೆ. ಅದಕ್ಕೆಷ್ಟು ಹಲ್ಲೆಂಬುದು ಬಿಟ್ಜರನಿಗೆ ಚೆನ್ನಾಗಿ ಗೊತ್ತಿತ್ತು.