ಶಕ್ತಿಗೆ ತಕ್ಕ ತಪಸ್ಸು

ಈ ವಯಸ್ಸಿನಲ್ಲಿ ದೇಹದ ಮೇಲೆ ಇಷ್ಟು ಆಸೆ ಯಾಕೆ ಎಂದು ನಮ್ಮ ಅತ್ತಿಗೆ ಕೇಳಿದರು. ಕೊಂಕು ನುಡಿಯಲ್ಲ ಅದು. ಅವರು ಗೀತಾ ಪಾರಾಯಣ ತಪ್ಪಿಸುವವರಲ್ಲ, ಏಕಾದಶಿಯ ದಿನ ನೀರನ್ನೂ ಮುಟ್ಟುವವರಲ್ಲ. ಐವತ್ತು ದಾಟಿದ ಹೆಂಗಸು ಬೆಳಿಗ್ಗೆ ಎದ್ದು ಜಿಮ್ಮಿಗೆ ಹೋಗಿ ಕಬ್ಬಿಣ ಎತ್ತುವುದು ಅವರಿಗೆ ನಿಜಕ್ಕೂ ಅರ್ಥವಾಗದ ಸಂಗತಿ. ‘ದೇಹ ಬೇರೆ ನಾನು ಬೇರೆ ಅಂತ ಮಕ್ಕಳಿಗೆ ಪಾಠ ಹೇಳುವವಳು ನೀನು. ನೀನೇ ಅದಕ್ಕೆ ಇಷ್ಟು ಉಪಚಾರ ಮಾಡುತ್ತಾ ಕೂತರೆ ಹೇಗೆ?’ ಎಂದರು. ದೊಡ್ಡ ಪ್ರಶ್ನೆಯೇ. ಹಾರಿಕೆಯ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ.

ನಾನು ಮೈಸೂರಿನ ಕಾಲೇಜೊಂದರಲ್ಲಿ ಸಂಸ್ಕೃತ ಕಲಿಸುತ್ತೇನೆ. ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗ ನನಗೆ ಬಹಳ ಹತ್ತಿರದ್ದು. ಪಾರ್ವತಿ ಶಿವನಿಗಾಗಿ ತಪಸ್ಸಿಗೆ ನಿಂತಿದ್ದಾಳೆ. ಬೇಸಿಗೆಯಲ್ಲಿ ಸುತ್ತ ಬೆಂಕಿ, ಚಳಿಗಾಲದ ರಾತ್ರಿಗಳಲ್ಲಿ ನೀರು. ತಾನಾಗಿ ಉದುರಿದ ಎಲೆಯನ್ನೂ ಅವಳು ತಿನ್ನುವುದಿಲ್ಲ. ಆಗ ಶಿವನೇ ಬ್ರಹ್ಮಚಾರಿಯ ವೇಷದಲ್ಲಿ ಬರುತ್ತಾನೆ. ಸಮಿತ್ತು, ದರ್ಭೆ ಸಿಗುತ್ತಿವೆಯೇ, ಸ್ನಾನಕ್ಕೆ ಒಳ್ಳೆಯ ನೀರಿದೆಯೇ ಎಂದು ವಿಚಾರಿಸಿ, ನಿನ್ನ ಶಕ್ತಿಗೆ ತಕ್ಕಂತೆ ತಪಸ್ಸು ಮಾಡುತ್ತಿದ್ದೀಯೇ ಎಂದು ಕೇಳುತ್ತಾನೆ. ಧರ್ಮವನ್ನು ಸಾಧಿಸಲು ಶರೀರವೇ ಮೊದಲ ಸಾಧನ ಎಂಬ ಪ್ರಸಿದ್ಧವಾದ ಮಾತು ಬರುವುದು ಅಲ್ಲಿ. ಆರೋಗ್ಯದ ಬಗ್ಗೆ ಭಾಷಣ ಮಾಡುವವರೆಲ್ಲ ಅದನ್ನು ಬಳಸುತ್ತಾರೆ. ಅದನ್ನು ಹೇಳಿದ್ದು ಒಬ್ಬ ಹೆಣ್ಣಿಗೆ, ಅದೂ ಮೈಯನ್ನು ಸವೆಸುವುದೇ ಸಾಧನೆ ಎಂದುಕೊಂಡಿದ್ದ ಹೆಣ್ಣಿಗೆ ಎಂಬುದನ್ನು ನೆನೆಯುವವರು ಕಡಿಮೆ.

ನಮ್ಮ ಮನೆಗಳಲ್ಲಿ ಬ್ರಹ್ಮಚಾರಿಯ ಆ ಪ್ರಶ್ನೆಯನ್ನು ಹೆಂಗಸರಿಗೆ ಯಾರೂ ಕೇಳಲಿಲ್ಲ. ನಮ್ಮಮ್ಮ ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದಳು. ಸೋಮವಾರ, ಶುಕ್ರವಾರ, ಸಂಕಷ್ಟಿ ಎಂದು ಒಪ್ಪೊತ್ತು. ಬಾವಿಯಿಂದ ಕೊಡಗಟ್ಟಲೆ ನೀರು ಹೊತ್ತಳು, ಅಕ್ಕಿ ಮೂಟೆ ಎಳೆದಳು, ಒರಳಲ್ಲಿ ರುಬ್ಬಿದಳು. ಅವಳನ್ನು ಯಾರೂ ಬಲಶಾಲಿ ಎನ್ನಲಿಲ್ಲ. ಬಲವೆಂಬುದು ನಮ್ಮ ಬೀದಿಯ ಗರಡಿ ಮನೆಯೊಳಗಿತ್ತು, ಅಲ್ಲಿಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಆಮೇಲೆ ನಲ್ಲಿ ಬಂತು, ಗ್ರೈಂಡರ್ ಬಂತು. ಭಾರ ಹೋಯಿತು, ಉಪವಾಸ ಉಳಿಯಿತು. ಮುಪ್ಪಿನಲ್ಲಿ ಬಚ್ಚಲಲ್ಲಿ ಮೆಲ್ಲಗೆ ಜಾರಿದ್ದಕ್ಕೇ ಅವಳ ತೊಡೆಯ ಮೂಳೆ ಮುರಿಯಿತು.

ಮೂಳೆ ಜೀವಂತ ವಸ್ತು. ಭಾರ ಬಿದ್ದ ಕಡೆ ಅದು ತನ್ನನ್ನು ಗಟ್ಟಿಮಾಡಿಕೊಳ್ಳುತ್ತದೆ, ಬೀಳದ ಕಡೆ ತೆಳ್ಳಗಾಗುತ್ತದೆ. ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ಇದನ್ನು ನಿಯಮವಾಗಿ ಮಂಡಿಸಿದ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ಹೆಂಗಸರ ಮೂಳೆ ಬೇಗ ಸವೆಯುತ್ತದೆ. ವಯಸ್ಸಿನೊಂದಿಗೆ ಸ್ನಾಯುವೂ ಕರಗುತ್ತದೆ. ಎರಡನ್ನೂ ತಡೆದು ನಿಲ್ಲಿಸುವುದಕ್ಕೆ ಭಾರ ಎತ್ತುವುದು ಒಳ್ಳೆಯ ದಾರಿ. ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ.

ಆದರೆ ಅತ್ತಿಗೆ ಕೇಳಿದ್ದು ಮೂಳೆಯ ವಿಷಯವಲ್ಲ, ವೈರಾಗ್ಯದ ವಿಷಯ. ಮುಂಡಕೋಪನಿಷತ್ತು ಬಲಹೀನರಿಗೆ ಆತ್ಮ ದೊರೆಯದು ಎನ್ನುತ್ತದೆ ಎಂದು ಹೇಳಿ ನಾನು ಗೆದ್ದುಬಿಡಬಹುದಿತ್ತು. ಹಾಗೆ ಮಾಡಲಾರೆ. ಅಲ್ಲಿನ ಬಲ ಆತ್ಮನಿಷ್ಠೆಯಿಂದ ಹುಟ್ಟುವ ವೀರ್ಯ ಎಂದು ಶಂಕರರು ಭಾಷ್ಯ ಬರೆದಿದ್ದಾರೆ. ಅದನ್ನು ತೋಳಿನ ಬಲಕ್ಕೆ ಇಳಿಸುವುದು ನನಗೆ ಒಪ್ಪಿಗೆಯಿಲ್ಲ. ನಾನು ಅತ್ತಿಗೆಗೆ ತೋರಿಸಿದ್ದು ಅವರೇ ಪಾರಾಯಣ ಮಾಡುವ ಗೀತೆಯ ಹದಿನೇಳನೆಯ ಅಧ್ಯಾಯವನ್ನು. ದೇಹವನ್ನು ಒಣಗಿಸುವ ಘೋರ ತಪಸ್ಸಿನವರು ಒಳಗಿರುವ ನನ್ನನ್ನೂ ಒಣಗಿಸುತ್ತಾರೆ ಎಂದು ಕೃಷ್ಣ ಹೇಳುವುದು ಅಲ್ಲಿ. ಮೂಢ ಹಟದಿಂದ ತನ್ನನ್ನೇ ಪೀಡಿಸಿಕೊಳ್ಳುವ ತಪಸ್ಸನ್ನು ತಾಮಸ ಎನ್ನುತ್ತಾನೆ. ಸಾತ್ವಿಕ ಆಹಾರ ಏನನ್ನು ಹೆಚ್ಚಿಸುತ್ತದೆ ಎಂದು ಹೇಳುವಾಗ ಆಯುಸ್ಸು, ಆರೋಗ್ಯದ ಜೊತೆಗೆ ಬಲವನ್ನೂ ಸೇರಿಸುತ್ತಾನೆ.

ಉಪೇಕ್ಷೆ ವೈರಾಗ್ಯವಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಮಂಡಿ ನೋಯುವವರು ಜಪಕ್ಕೆ ಕುಳಿತಾಗ ಮನಸ್ಸು ಮಂತ್ರದಲ್ಲಿ ಇರುವುದಿಲ್ಲ, ಮಂಡಿಯಲ್ಲಿ ಇರುತ್ತದೆ. ನೋಡಿಕೊಳ್ಳದೆ ಬಿಟ್ಟ ದೇಹ ಹಗಲೂ ರಾತ್ರಿ ತನ್ನನ್ನೇ ನೆನಪಿಸುತ್ತದೆ. ದೇಹವನ್ನು ಮರೆಯಬೇಕಾದರೂ ಅದು ಮೊದಲು ಸ್ವಸ್ಥವಾಗಿರಬೇಕು.

ಪ್ರಾರಂಭಿಸುವುದು ಹೇಗೆ ಎಂದು ಕೇಳುವ ಗೆಳತಿಯರಿಗೆ ನಾನು ಹೇಳುವುದು ಇಷ್ಟು. ಮೊದಲು ಕುರ್ಚಿಯಿಂದ ಕೈ ಊರದೆ ಎದ್ದು, ನಿಧಾನವಾಗಿ ಕುಳಿತುಕೊಳ್ಳಿ. ಬಸ್ಕಿಯ ಮೊದಲ ಪಾಠ ಅದು. ಜಿಮ್ಮಿನವರು ಸ್ಕ್ವಾಟ್ ಅನ್ನುತ್ತಾರೆ. ಗೋಡೆಗೆ ಕೈಯಿಟ್ಟು ದಂಡ ಹೊಡೆಯಿರಿ. ಬೆನ್ನು ಬಾಗಿಸದೆ ಸೊಂಟದ ಕೀಲಿನಲ್ಲಿ ಮಡಿಚಿ ನೆಲದ ಮೇಲಿನ ವಸ್ತುವನ್ನು ಎತ್ತುವುದು ಡೆಡ್‌ಲಿಫ್ಟ್. ಅಡುಗೆಮನೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲವಿರುತ್ತದೆ, ಉಕ್ಕಿನ ತೂಕವೂ ಸೇರಿದರೆ ಸುಮಾರು 30 ಕೆ.ಜಿ. ಅದನ್ನು ಸರಿಸುತ್ತಾ ಸೊಂಟ ಹಿಡಿಸಿಕೊಂಡವರಿಗೆ ಈ ಒಂದು ಪಾಠ ಬಹಳ ಕೆಲಸಕ್ಕೆ ಬರುತ್ತದೆ. ಇದರ ಜೊತೆಗೆ ಡಂಬೆಲನ್ನು ಪಕ್ಕೆಯ ಕಡೆಗೆ ಎಳೆಯುವುದು, ತಲೆಯ ಮೇಲಕ್ಕೆ ಒತ್ತುವುದು. ಮೊದಮೊದಲಿಗೆ ಇಷ್ಟು ಸಾಕು. ವಾರಕ್ಕೆ 2 ಅಥವಾ 3 ದಿನ, ನಡುವೆ ಒಂದು ದಿನ ಬಿಡುವು. ಒಂದೊಂದನ್ನೂ 8ರಿಂದ 12 ಸಲ, ಎರಡು ಮೂರು ಸೆಟ್. ಎತ್ತುವಾಗ ಉಸಿರು ಹೊರಗೆ ಬಿಡಿ. ಕ್ರಮ ಕೆಡದೆ 12 ಸಲ ಮಾಡಲು ಬಂದ ಮೇಲೆ ಒಂದೋ ಎರಡೋ ಕಿಲೋ ಸೇರಿಸಿ. ಉದ್ದನೆಯ ಬಾರ್‌ಬೆಲ್‌ಗೆ ಆತುರ ಬೇಡ. ಹೆಂಗಸರ ಸ್ಪರ್ಧೆಯ ಬಾರ್ ಖಾಲಿ ಇದ್ದಾಗಲೇ 15 ಕೆ.ಜಿ. ತೂಗುತ್ತದೆ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು, ಬಸುರಿಯರು, ಬಾಣಂತಿಯರು ಮೊದಲು ವೈದ್ಯರನ್ನು ಕೇಳಲೇಬೇಕು. ಮೈ ಗಂಡಸರ ಹಾಗಾಗುತ್ತದೆಂಬ ಭಯ ಬೇಡ. ಅಂಥ ಸ್ನಾಯು ಬೆಳೆಸುವ ಟೆಸ್ಟೊಸ್ಟೆರಾನ್ ನಮ್ಮಲ್ಲಿ ಬಹಳ ಕಡಿಮೆ. ಊಟದಲ್ಲಿ ಹುರುಳಿ, ಹೆಸರುಕಾಳು, ಕಡಲೆ, ಮೊಸರು, ತಿನ್ನುವವರಿಗೆ ಮೊಟ್ಟೆ ಇರಲಿ. ಅನ್ನ ಸಾರಿನಲ್ಲೇ ಮುಗಿಸುವ ಕೊನೆಯ ಪಂಕ್ತಿಯ ಊಟದಿಂದ ಸ್ನಾಯು ಕಟ್ಟಲಾಗದು.

ನನಗೆ ಕಲಿಸುವ ಕೋಚ್ ನನ್ನ ಮಗಳ ವಯಸ್ಸಿನವಳು. ‘ಇನ್ನೆರಡು ಆಗತ್ತೆ ಅನ್ನಿಸುವಾಗಲೇ ಇಳಿಸಿಬಿಡಿ ಮೇಡಂ’ ಎನ್ನುತ್ತಾಳೆ. ಅವಳು ಕುಮಾರಸಂಭವ ಓದಿಲ್ಲ. ಆದರೂ ಬ್ರಹ್ಮಚಾರಿ ಪಾರ್ವತಿಗೆ ಕೇಳಿದ್ದನ್ನೇ ಪ್ರತಿ ಸೆಟ್ಟಿನಲ್ಲೂ ನನಗೆ ಕೇಳುತ್ತಾಳೆ. ಶಕ್ತಿಗೆ ಮೀರಿದರೆ ಪೆಟ್ಟು, ಶಕ್ತಿಗಿಂತ ಕಡಿಮೆಯಾದರೆ ವ್ಯರ್ಥ. ನನ್ನ ಶಕ್ತಿ ಇವತ್ತು ಎಷ್ಟು ಎಂದು ನನ್ನ ಮುಂದೆ ನಾನೇ ಸತ್ಯ ನುಡಿಯಬೇಕು. ನಿನ್ನೆ ಎತ್ತಿದ್ದು ಇವತ್ತು ಏಳದಿರಬಹುದು, ಅದನ್ನು ಒಪ್ಪಿಕೊಳ್ಳಬೇಕು. ಫಲದ ಲೆಕ್ಕ ಬಿಟ್ಟು ಕರ್ಮ ಮಾಡುವುದನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಅಭ್ಯಾಸ ಮಾಡಲು ಇಷ್ಟು ಸ್ಪಷ್ಟವಾದ ಜಾಗ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಒಲಿಂಪಿಕ್ಸ್‌ನಲ್ಲಿ ಗಂಡಸರು 1896ರಿಂದಲೇ ಭಾರ ಎತ್ತಿದರು. ಹೆಂಗಸರಿಗೆ ಅವಕಾಶ ಸಿಕ್ಕಿದ್ದು 2000ದ ಸಿಡ್ನಿ ಕ್ರೀಡಾಕೂಟದಲ್ಲಿ. ಅದೇ ಸಿಡ್ನಿಯಲ್ಲಿ ಆಂಧ್ರದ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕೆ.ಜಿ. ಎತ್ತಿ ಕಂಚು ಗೆದ್ದು, ಒಲಿಂಪಿಕ್ ಪದಕ ಪಡೆದ ಭಾರತದ ಮೊದಲ ಮಹಿಳೆಯಾದರು. ಬಾಗಿಲು ತೆಗೆಯಲು ಒಂದು ಶತಮಾನವೇ ಹಿಡಿಯಿತು, ಬಲ ಮೊದಲಿನಿಂದಲೂ ಇತ್ತು.

ಹೆಂಗಸರು ಗಟ್ಟಿಯಾಗಿದ್ದರೆ ಮನೆಗೆ ಒಳ್ಳೆಯದು, ಮಕ್ಕಳಿಗೆ ಹೊರೆಯಾಗುವುದಿಲ್ಲ ಎಂದು ನನ್ನ ಪರವಾಗಿ ವಾದಿಸುವವರಿದ್ದಾರೆ. ಪ್ರೀತಿಯಿಂದ ಹೇಳುವ ಮಾತೇ, ಆದರೂ ಅದನ್ನು ನಾನು ಒಪ್ಪಲಾರೆ. ಇನ್ನೊಬ್ಬರ ಉಪಯೋಗಕ್ಕೆ ಬರುವಾಗ ಮಾತ್ರ ಹೆಣ್ಣಿನ ಮೈ ಜೋಪಾನಕ್ಕೆ ಯೋಗ್ಯ ಎಂಬ ಹಳೆಯ ಎಣಿಕೆ ಅದರೊಳಗೂ ಕುಳಿತಿದೆ. ಸೇವೆಗೆಂದು ನಾವು ತಲೆಮಾರುಗಳಿಂದ ಭಾರ ಹೊತ್ತಿದ್ದೇವೆ. ಪಾರ್ವತಿಯ ತಪಸ್ಸು ಅವಳೇ ಆರಿಸಿಕೊಂಡದ್ದು, ಅವಳ ಗುರಿಯೂ ಅವಳದೇ. ಅವಳ ಶರೀರ ಅವಳ ಧರ್ಮಕ್ಕೆ ಮೊದಲ ಸಾಧನ. ನನ್ನ ಶರೀರವೂ ನನ್ನ ಧರ್ಮಕ್ಕೆ ಹಾಗೆಯೇ. ಅದನ್ನು ಬಲವಾಗಿ ಇಟ್ಟುಕೊಳ್ಳಲು ಯಾವ ಹೆಣ್ಣೂ ಬೇರೊಂದು ಕಾರಣ ಕೊಡಬೇಕಾಗಿಲ್ಲ.