ನ್ಯಾಯನಿರ್ಣಯವೂ ಅಂತಃಸಾಕ್ಷಿಯೂ

ಒಬ್ಬನನ್ನು ಅಪರಾಧಿಯೆಂದು ನಿರ್ಣಯಿಸುವುದು ಮನುಷ್ಯನ ಅಧಿಕಾರಗಳಲ್ಲೆಲ್ಲ ಭಾರವಾದುದು. ಇದನ್ನು ಸಾಮಾನ್ಯ ಪ್ರಜೆಗಳಿಗೇ ಒಪ್ಪಿಸುವ ಪದ್ಧತಿಗೆ ಜ್ಯೂರಿ ಎಂದು ಹೆಸರು. ನ್ಯಾಯಾಧೀಶರು ಕಾನೂನನ್ನು ವಿವರಿಸುವರು. ಜ್ಯೂರಿಯವರು ಪ್ರತ್ಯೇಕ ಕೊಠಡಿಯಲ್ಲಿ ಕುಳಿತು, ಸಾಕ್ಷ್ಯವನ್ನು ಪರಸ್ಪರ ವಿಮರ್ಶಿಸಿ, ಆರೋಪಿಯು ದೋಷಿಯೋ ನಿರ್ದೋಷಿಯೋ ಎಂಬುದನ್ನು ಸಾರುವರು. ನ್ಯಾಯಾಲಯದಲ್ಲಿ ಕಂಡು ಕೇಳಿದುದನ್ನಲ್ಲದೆ ಹೊರಗಿನ ಮಾತನ್ನು ಅವರು ಮನಸ್ಸಿಗೆ ತಂದುಕೊಳ್ಳಕೂಡದು. ಯುಕ್ತವಾದ ಸಂದೇಹವುಳಿದರೆ ಅದರ ಲಾಭವು ಆರೋಪಿಗೇ ಸಲ್ಲಬೇಕು.

ಈ ನಿಯಮದ ಪಾಲನೆ ಸುಲಭವಲ್ಲ. 1959ರಲ್ಲಿ ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿಯವರ ಮೇಲೆ ಕೊಲೆಯ ಮೊಕದ್ದಮೆ ನಡೆಯಿತು. ಜನರ ಅನುಕಂಪವು ಅವರ ಕಡೆಗೆ ಹರಿಯಿತು. ಜ್ಯೂರಿಯ 9 ಮಂದಿಯಲ್ಲಿ 8 ಮಂದಿ ನಿರ್ದೋಷಿಯೆಂದರು; ಒಬ್ಬರು ಮಾತ್ರ ಒಪ್ಪಲಿಲ್ಲ. ನ್ಯಾಯಾಧೀಶರು ಪ್ರಕರಣವನ್ನು ಉಚ್ಚ ನ್ಯಾಯಾಲಯಕ್ಕೆ ಕಳುಹಿಸಿದರು. ಅದು 1960ರಲ್ಲಿ ಅವರನ್ನು ದೋಷಿಯೆಂದಿತು. 1961ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಬಹುಮತವೇ ಸತ್ಯವಲ್ಲವೆಂಬುದು ಇದರಿಂದ ಸ್ಪಷ್ಟ.

ಅನುಕಂಪದಂತೆ ಆಕ್ರೋಶವೂ ಕಣ್ಣನ್ನು ಕಟ್ಟುವುದು. ನಮ್ಮ ಬೀದರ ಜಿಲ್ಲೆಯ ಕಲ್ಯಾಣದಲ್ಲಿಯೇ, 12ನೆಯ ಶತಮಾನದಲ್ಲಿ, ಶರಣ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ವಿವಾಹವಾಯಿತು. ಕುಲಾಭಿಮಾನಿಗಳ ದೂರಿಗೆ ಕಿವಿಗೊಟ್ಟ ಬಿಜ್ಜಳನು ಆ ಇಬ್ಬರು ತಂದೆಯರಿಗೆ ಘೋರ ಶಿಕ್ಷೆ ವಿಧಿಸಿದನೆಂದು ಪರಂಪರೆ ಹೇಳುತ್ತದೆ. ಅಲ್ಲಿ ತೂಗಿದುದು ಸಾಕ್ಷ್ಯವನ್ನಲ್ಲ, ಕುಲವನ್ನು.

1973ರ ದಂಡಪ್ರಕ್ರಿಯಾ ಸಂಹಿತೆಯು 1974ರ ಏಪ್ರಿಲ್ 1ರಂದು ಜಾರಿಗೆ ಬಂದು, ಅದರಲ್ಲಿ ಜ್ಯೂರಿಗೆ ಸ್ಥಾನವಿಲ್ಲದಾಯಿತು. ಇಂದು ಬೀದರ ನಗರದ ಸೆಷನ್ಸ್ ನ್ಯಾಯಾಲಯದಲ್ಲಿ ತೀರ್ಪು ಕೊಡುವವರು ನ್ಯಾಯಾಧೀಶರೇ. ಆದರೆ ನ್ಯಾಯಾಲಯದಿಂದ ಹೋದ ಜ್ಯೂರಿ ನಮ್ಮ ಮನೆಗಳಿಂದ ಹೋಗಿಲ್ಲ. ಭಾಲ್ಕಿಯ ಪೇಟೆಯಲ್ಲಾಗಲಿ, ಔರಾದದ ಹಳ್ಳಿಯ ಕಟ್ಟೆಯ ಮೇಲಾಗಲಿ, ಪೊಲೀಸರು ಒಬ್ಬನನ್ನು ಕರೆದೊಯ್ದರೆಂಬ ಸುದ್ದಿ ಬಂದೊಡನೆ ತೀರ್ಪು ಹೊರಡುತ್ತದೆ. ಅವನಿಗೆ ಕೆಲಸವಿಲ್ಲ, ಅವನ ತಂಗಿಗೆ ವರನಿಲ್ಲ. ಮುಂದೆ ನ್ಯಾಯಾಲಯವು ಬಿಡುಗಡೆ ಮಾಡಿದರೂ ಊರಿನ ಶಿಕ್ಷೆ ತೀರುವುದಿಲ್ಲ. ಅದಕ್ಕೆ ಮೇಲ್ಮನವಿಯೂ ಇಲ್ಲ.

ಹಾಗಾದರೆ ಕೊಲೆಯಾದವನ ತಾಯಿಯ ಕಣ್ಣೀರಿಗೆ ಬೆಲೆಯಿಲ್ಲವೇ ಎಂದು ಕೇಳಬಹುದು. ನಿಶ್ಚಯವಾಗಿ ಇದೆ. ಆದರೆ ನಿರಪರಾಧಿಯನ್ನು ದಂಡಿಸಿದರೆ ಆ ತಾಯಿಗೆ ನ್ಯಾಯ ದೊರೆಯದು. ಇನ್ನೊಬ್ಬ ತಾಯಿಯ ಕಣ್ಣೀರು ಅದಕ್ಕೆ ಸೇರುವುದು, ನಿಜವಾದ ಕೊಲೆಗಾರನು ನಿಶ್ಚಿಂತನಾಗುವನು. ಎಚ್ಚರದಿಂದಿರುವುದು ಬೇರೆ, ದೋಷ ಹೊರಿಸುವುದು ಬೇರೆ. ಕಂಡವರು ಭಯಬಿಟ್ಟು ಸಾಕ್ಷ್ಯ ನುಡಿಯಬೇಕು, ಕಾಣದವರು ಮೌನದಿಂದಿರಬೇಕು. ಎರಡೂ ಧರ್ಮವೇ.

ಸದ್ಭಕ್ತರೇ, ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ಪೂಜಿಸುವ ನಾವು, ಆರೋಪಹೊತ್ತವನಲ್ಲಿಯೂ ಅದೇ ಚೈತನ್ಯವಿದೆಯೆಂಬುದನ್ನು ಮರೆಯಬಾರದು. ಪರರ ದೋಷವನ್ನು ನಾಲಿಗೆಗೆ ತರುವ ಮುನ್ನ ಕೇಳಿಕೊಳ್ಳೋಣ: ಇದನ್ನು ನಾನೇ ಕಂಡೆನೇ? ಆತನ ಮಾತನ್ನೂ ಕೇಳಿದೆನೇ? ಆತನು ನನ್ನ ಮಗನಾಗಿದ್ದರೆ ಇಷ್ಟೇ ಸಾಕ್ಷ್ಯಕ್ಕೆ ಒಪ್ಪುತ್ತಿದ್ದೆನೇ? ಈ ಮೂರಕ್ಕೂ ಉತ್ತರ ದೊರೆಯುವವರೆಗೆ ತೀರ್ಪನ್ನು ತಡೆದಿಡುವುದೇ ಶರಣಮಾರ್ಗ.