ಮಗನ ಗಾಂಜಾ, ಮಗಳ ಗಾಯ

ಕಲಬುರಗಿ ಜಿಲ್ಲೆಯ ನಾಲವಾರದ ಸುತ್ತಿನ ಹಳ್ಳಿಗಳಲ್ಲಿ ಬೆಳೆದವರಿಗೆ ಮೈ ನೋಯಿಸಿಕೊಳ್ಳುವುದೂ ಗಾಂಜಾ ಸೇದುವುದೂ ಹೊಸ ಸುದ್ದಿಯೇನಲ್ಲ. ವೀರಭದ್ರನ ಜಾತ್ರೆಯಲ್ಲಿ ಪುರವಂತರು ಒಡಪು ಹೇಳುತ್ತ ಶಸ್ತ್ರ ಹಾಕಿಸಿಕೊಳ್ಳುವುದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದವರು ನಾವು. ಸುರಪುರದ ಕಡೆ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ತೆಗೆದುಕೊಳ್ಳುವವರಿದ್ದಾರೆ. ಅದೆಲ್ಲ ಸರಿ ಎನ್ನುತ್ತಿಲ್ಲ. ಆದರೆ ಅಲ್ಲಿ ದಿನ ಗೊತ್ತಿರುತ್ತದೆ, ಸುತ್ತ ಮಂದಿ ಇರುತ್ತಾರೆ. ಬಾಗಿಲು ಹಾಕಿಕೊಂಡ ಕೋಣೆಯಲ್ಲಿ, ಊರ ಹೊರಗಿನ ರೈಲು ಹಳಿಯ ಮಗ್ಗುಲಲ್ಲಿ ಅವೆರಡೂ ಇಲ್ಲ.

ಪರಿಚಯದ ತಾಯಿಯೊಬ್ಬರು ಕೇಳಿದರು: “ಮಗ ಗಾಂಜಾಕ್ಕ ಬಿದ್ದಾನ. ಮಗಳು ತನ್ನ ಮೈಗೆ ತಾನೇ ಗಾಯ ಮಾಡ್ಕೊಳ್ತಾಳ. ಯಾವುದಕ್ಕ ಮೊದಲ ಅಂಜಬೇಕ್ರಿ?” ಮಗನ ಸುದ್ದಿ ಬೀಗರ ತನಕ ಹೋಗಿತ್ತು. ಮಗಳದು ಹೊಸ್ತಿಲು ದಾಟಿರಲಿಲ್ಲ. ಮೇ ತಿಂಗಳ ನಮ್ಮ ಬಿಸಿಲಲ್ಲೂ ಆಕೆ ತುಂಬು ತೋಳಿನ ಅಂಗಿ ಬಿಡುತ್ತಿರಲಿಲ್ಲವಂತೆ. “ಶೋಕಿ ಅಂತ ತಿಳ್ಕೊಂಡಿದ್ದೆ” ಎಂದರು.

ತೂಗಿಯೇ ನೋಡೋಣ. ಗಾಂಜಾ ನಿಧಾನಕ್ಕೆ ಕೆಡಿಸುವಂಥದ್ದು. ಸೇದುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಅದರ ದಾಸರಾಗುತ್ತಾರೆ. ಹದಿಹರೆಯದಲ್ಲೇ ಹಿಡಿದವರಲ್ಲಿ ಆರರಲ್ಲಿ ಒಬ್ಬರು. ಕೆಲವರಿಗೆ ಯಾರೋ ಬೆನ್ನು ಹತ್ತಿದ್ದಾರೆಂಬ ಭ್ರಮೆ, ಕಿವಿಯಲ್ಲಿ ಮಾತು. ಮೈ ಗಾಯ ಮಾಡಿಕೊಳ್ಳುವ ಮಕ್ಕಳು ಬಹಳ ಸಲ ಸಾಯಬೇಕೆಂದು ಹಾಗೆ ಮಾಡುವುದಿಲ್ಲ. ತಡೆಯಲಾಗದ ಸಂಕಟವನ್ನು ಆ ಹೊತ್ತಿಗೆ ತಡೆದುಕೊಳ್ಳಲು ಮಾಡುತ್ತಾರೆ. ಆದರೆ ಮುಂದೆ ಆತ್ಮಹತ್ಯೆಯ ಅಪಾಯ ಇಂಥವರಿಗೆ ಉಳಿದವರಿಗಿಂತ ಬಹಳ ಹೆಚ್ಚು. “ನಾಟಕ ಮಾಡ್ತಾಳ” ಎಂದು ತಳ್ಳಿಹಾಕುವ ಮನೆ ದೊಡ್ಡ ಜೂಜಾಡುತ್ತಿದೆ. ಹಾಗಾಗಿ ಮೊದಲು ಮಗಳನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ ಎಂದೆ. ಮಗನದು ಹಗುರವೆಂದಲ್ಲ. ಒಂದೇ ಮನೆಯ ಒಂದೇ ಬೇಗುದಿ ಇಬ್ಬರಲ್ಲಿ ಎರಡು ಕಡೆ ಹರಿದಿರಬಹುದು. ಒಂದು ಬಿಟ್ಟು ಇನ್ನೊಂದಕ್ಕೆ ಹೋಗುವವರೂ, ಎರಡನ್ನೂ ಹಚ್ಚಿಕೊಂಡವರೂ ಇದ್ದಾರೆ. “ಅದಕ್ಕಿಂತ ಇದು ವಾಸಿ” ಎಂಬ ಸಮಾಧಾನ ಯಾರ ಕೈಗೂ ಸಿಗಬಾರದು.

ಕಾನೂನಿನ ತಕ್ಕಡಿ ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಸಾಯಲು ಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಶಿಕ್ಷೆಯಿಂದ ದೂರವಿಡುತ್ತದೆ. ಗಾಂಜಾ ಸೇದಿದವನಿಗೆ 1985ರ ಮಾದಕವಸ್ತು ಕಾಯ್ದೆಯಡಿ ಆರು ತಿಂಗಳವರೆಗೆ ಜೈಲು ಆಗಬಹುದು. 2020ರಲ್ಲಿ ನಮ್ಮ ಜಿಲ್ಲೆಯ ಕುರಿ ಸಾಕಾಣಿಕೆ ಶೆಡ್ಡೊಂದರಲ್ಲಿ 1,300 ಕಿಲೋಗೂ ಮಿಕ್ಕಿ ಗಾಂಜಾ ಸಿಕ್ಕಿತ್ತು. ಅಂಥ ದಂಧೆಗೆ ಪೊಲೀಸರು ಬೇಕೇ ಬೇಕು. ಸೇದುವ ಹುಡುಗನಿಗೆ ಮಾತ್ರ ಅದೇ ಕಾಯ್ದೆಯ 64ಎ ಕಲಮು ಒಂದು ಬಾಗಿಲು ತೆರೆದಿಟ್ಟಿದೆ: ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪೂರೈಸುವ ವ್ಯಸನಿಯ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಊರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಠಾಣೆಯ ಭಯಕ್ಕೆ ಆಸ್ಪತ್ರೆಯನ್ನೇ ತಪ್ಪಿಸುತ್ತಾರೆ. ಮಗಳ ವಿಷಯಕ್ಕೆ ತಪ್ಪಿಸುವುದು ವರ ಸಿಗಲಿಕ್ಕಿಲ್ಲ ಎಂದು.

ನಿಮ್ಮ ಮನೆಯಲ್ಲಿ ಹೀಗಿದ್ದರೆ ಬೈಯುವ ಮುಂಚೆ ಪಕ್ಕದಲ್ಲಿ ಕೂತು ಏನು ನೋಯುತ್ತಿದೆ ಎಂದು ಕೇಳಿ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಅಲ್ಲಿಗೆ ಹೋಗಲು ಇವತ್ತು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನು ಮಾಡಿ: 14416. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ.